ಜೋಡುನಳಿಗೆ ರೈಫಲ್ಲೂ ಸಾಹೇಬ ಆಡದ ಮಾತೂ

ಪದ್ದಿ, ಸಾಹೇಬ ನಿಮ್ಮಪ್ಪನಿಗೆ ಮೋಸ ಮಾಡಲಿಲ್ಲ. ಮಾಡಿದವನು ನಾನು.

ಆ ಜೋಡುನಳಿಗೆ ರೈಫಲ್ ಕೊಳ್ಳಬೇಡಿ ಎಂದು ಸಾಹೇಬ ಒಂದಲ್ಲ, ಎರಡು ಸಲ ಹೇಳಿದ. ಎರಡು ಸಲವೂ ನಾನು ಅದನ್ನು ತಿರುವಿ ಹಾಕಿ, ಕೊಳ್ಳಿರಿ ಎಂದು ಅವನೇ ಹೇಳಿದ ಹಾಗೆ ಅಣಕ ಮಾಡಿ ತೋರಿಸಿದೆ. ನಿಮ್ಮಪ್ಪ ನಕ್ಕರು. ನೀನೂ ನಕ್ಕೆ. ನಿನ್ನ ತಾಯಿಯ ಬಂಗಾರ — ನಿನ್ನ ಓದಿಗೆಂದು ಆಕೆ ಬಿಟ್ಟುಹೋದ ಬಂಗಾರ — ಆ ನಗುವಿನಲ್ಲಿ ಹೋಯಿತು.

ಇದನ್ನು ನಿನ್ನೆದುರಿಗೆ ನಿಂತು ಹೇಳಬೇಕಿತ್ತು. ಆದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ. ಎರಡು ವಾಕ್ಯ ನೆಟ್ಟಗೆ ಆಡುತ್ತೇನೆ, ಮೂರನೆಯದಕ್ಕೆ ಯಾರದೋ ಮೂಗು, ಯಾರದೋ ಕೆಮ್ಮು ಬಂದು ಕೂರುತ್ತದೆ. ಎದುರಿಗಿದ್ದವರು ನಗುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಕಾಗದದ ಮೇಲೆ ಮೂಗು ಹಿಡಿದು ಮಾತಾಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೊಬ್ಬಳಿಗೇ ಬರೆದು ಅಂಚೆಗೆ ಹಾಕಬಹುದಿತ್ತು ನಿಜ. ಆದರೆ ಆ ಸಾಹೇಬನನ್ನು ವರ್ಷಗಟ್ಟಲೆ ಕಳ್ಳನನ್ನಾಗಿ ಆಡಿ ತೋರಿಸಿದ್ದು ಹತ್ತು ಮಂದಿಯ ಮುಂದೆ. ಇದನ್ನೂ ಪತ್ರಿಕೆಯಲ್ಲಿ ಹತ್ತು ಮಂದಿ ಓದಲಿ. ಅವರಿಗಾಗಿ ನಿನಗೆ ಗೊತ್ತಿದ್ದದ್ದನ್ನೂ ಹೇಳಬೇಕಾಗುತ್ತದೆ, ಸೈರಿಸಿಕೋ.

ನಾನು ಗುರುರಾಜ. ದೇವದುರ್ಗದವರಿಗೆ ಗುರ್ಯಾ. ಹುಟ್ಟಿದಾಗಿನಿಂದ ನನಗೆ ಸ್ವಂತ ಧ್ವನಿ ಒಂದು ಇತ್ತೋ ಇಲ್ಲವೋ, ನೆನಪಿಲ್ಲ. ಗುಡಿಯ ಅರ್ಚಕರು ಸಂಕಲ್ಪದ ನಡುವೆ ಆಕಳಿಸುವುದು, ಬಸ್ಸಿನ ಡ್ರೈವರ್ ಗೇರಿಗೂ ಹೆಂಡತಿಗೂ ಒಂದೇ ಬೈಗುಳ ಬೈಯುವುದು, ತಹಸೀಲ್ ಕಚೇರಿಯ ಗುಮಾಸ್ತ ಅರ್ಜಿ ತೆಗೆದುಕೊಳ್ಳುವಾಗ ಮೇಲೆ ನೋಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ, ನಡುವೆ ಕೊಕ್ಕರೆ ಕತ್ತು — ಗುರ್ಯಾ ನಡೆಯುವುದನ್ನು ಗುರ್ಯಾನಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲ. ತನ್ನನ್ನೇ ಮೊದಲು ಅಣಕಿಸಿಕೊಳ್ಳುವವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ ಎಂಬುದು ನನಗೆ ಚಿಕ್ಕಂದಿನಲ್ಲೇ ತಿಳಿದಿತ್ತು. ಇದನ್ನು ಬರೆಯುವಾಗಲೂ ಅದೇ ಯುಕ್ತಿ ಮಾಡುತ್ತಿದ್ದೇನೋ ಏನೋ — ಇರಲಿ.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು ನಿಮ್ಮಪ್ಪ, ನನ್ನ ಕಾಕಾ. ಹನುಮಂತದೇವರ ಗುಡಿಯ ಪೌಳಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ, ಮಗ್ಗಿ ಕಲಿಸುತ್ತಿದ್ದರು. ಕೃಷ್ಣೆಯ ಕಡೆಗೆ ಗುಡಿಯ ಇನಾಮಿನ ತುಂಡು ಹೊಲ ಇತ್ತು. ಆ ಅನ್ನದಲ್ಲೇ ನನ್ನನ್ನು ರಾಯಚೂರಿನಲ್ಲಿಟ್ಟು ಮೆಟ್ರಿಕ್ ಓದಿಸಿದರು. ಕಾಕಾನಿಗೆ ಕನ್ನಡ, ಸಂಸ್ಕೃತ ಬರುತ್ತಿತ್ತು, ಕಚೇರಿಗೆ ಸಾಲುವಷ್ಟು ಉರ್ದು ಬರುತ್ತಿತ್ತು. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. "ನನ್ನ ಪಾಲಿಂದು ನೀ ಕಲೀಲೇ ಗುರ್ಯಾ," ಅನ್ನುತ್ತಿದ್ದರು. ಅವರ ಪಾಲಿನದನ್ನು ಕಲಿತೆ. ಎಲ್ಲಿ ಉಪಯೋಗಿಸಿದೆ ಅಂದರೆ —

ಯುದ್ಧ ಮುಗಿದ ವರ್ಷ ನಾನು ರಾಯಚೂರು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದೆ. ಸಾಹೇಬರು ಒಬ್ಬೊಬ್ಬರೇ ಊರಿಗೆ ಹೊರಟಿದ್ದರು. ಪಿಯಾನೋ, ಜಿಂಕೆಯ ಕೊಂಬು, ತೊಗಲಿನ ಉದ್ದುದ್ದ ಪೆಟ್ಟಿಗೆಗಳು. ಆ ಉದ್ದ ಪೆಟ್ಟಿಗೆಗಳನ್ನು ಮುಂಬೈಗೆ ಹೋಗುವ ಮೊದಲೇ ತಡೆದು ಕೊಳ್ಳುವವರು ಹೈದರಾಬಾದಿನಿಂದ ಬರುತ್ತಿದ್ದರು, ಅತ್ತರು ಪೂಸಿಕೊಂಡು. ಅವರ ಮಾತು ಕೇಳಿ ಕೇಳಿ ನನಗೆ ಒಂದು ವಿದ್ಯೆ ಬಂದಿತ್ತು: ಏಕನಳಿಗೆಯದಕ್ಕೆ ಬೆಲೆ ಇಲ್ಲ, ಜೋಡುನಳಿಗೆ ರೈಫಲ್ಲಿಗೆ ಇದೆ. ನೋಡಲು ಸಾಮಾನ್ಯ ದುನಾಲಿ ಬಂದೂಕಿನ ಹಾಗೇ ಕಾಣುತ್ತದೆ, ಆದರೆ ಚದುರಿ ಬೀಳುವ ಸಣ್ಣ ಛರ್ರಾ ಗುಂಡುಗಳಲ್ಲ, ಒಂದೊಂದು ನಳಿಗೆಗೆ ಒಂದೊಂದು ದೊಡ್ಡ ಗುಂಡು. ವಿಲಾಯಿತಿಯಲ್ಲಿ ಒಬ್ಬೊಬ್ಬ ಕುಶಲಗಾರ ತಿಂಗಳುಗಟ್ಟಲೆ ಕೂತು ಕೈಯಿಂದ ಮಾಡುವಂಥದು. ಸಾಹೇಬರು ಹೋದ ಮೇಲೆ ಈ ಸೀಮೆಗೆ ಇನ್ನು ಬರುವುದಿಲ್ಲ. ಬರದ ವಸ್ತುವಿನ ಬೆಲೆ ಏರುತ್ತದೆ. ಬಂಗಾರಕ್ಕಿಂತ ಬೇಗ ಏರುತ್ತದೆ. ಹಾಗೆ ಅವರು ಹೇಳುತ್ತಿದ್ದರು. ನಾನು ಕೇಳಿದ್ದು ಅಷ್ಟೇ.

ಊರಿಗೆ ಬಂದಾಗ ಗುಡಿಯ ಕಟ್ಟೆಯ ಮೇಲೆ ಇದನ್ನೆಲ್ಲ ಮಾಡಿ ತೋರಿಸಿದೆ. ರೈಫಲ್ಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮುತ್ತಿಡುವ ಜಹಗೀರುದಾರ. ಒಂದಕ್ಕೆ ಕೊಂಡು ಹೊಳೆ ದಾಟುವ ಮೊದಲೇ ಎರಡಕ್ಕೆ ಮಾರಿದ ಅವನ ಮ್ಯಾನೇಜರ. ಹೊಳೆಯ ಮಾತು ನಾನೇ ಸೇರಿಸಿದ್ದು. ಮಂದಿ ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದರು, "ಖರೇನ ಇಮ್ಮಡಿ ಆಕ್ಕದೇನೋ?"

ನನಗೆ ಆಗಲೇ ತಿಳಿಯಬೇಕಿತ್ತು. ಅವರ ತಲೆಯಲ್ಲಿ ಇದ್ದದ್ದು ಇಮ್ಮಡಿ ಅಲ್ಲ, ನೀನು.

ನೀನಾಗ ಹದಿನಾಲ್ಕರವಳು. ಕಾಕಾನ ಪೌಳಿಯಲ್ಲಿ ಗಂಡುಹುಡುಗರ ಹಿಂದೆ ಕಂಬಕ್ಕೆ ಒರಗಿ ಕೂತು ಅವರಿಗಿಂತ ಮೊದಲೇ ಉತ್ತರ ಹೇಳಿ, "ನೀ ಸುಮ್ಮಕಿರಬೇ, ಅವರೂ ಹೇಳ್ಲಿ," ಎಂದು ಬೈಸಿಕೊಳ್ಳುತ್ತಿದ್ದೆ. ಗುಲಬರ್ಗಾದಲ್ಲಿ ಹೆಣ್ಣುಮಕ್ಕಳ ದೊಡ್ಡ ಶಾಲೆ ಇದೆ, ಉಳಿಯಲು ಜಾಗವೂ ಇದೆ ಎಂದು ನಾನೇ ಒಮ್ಮೆ ಹೇಳಿದ್ದೆ. ಅಂದಿನಿಂದ ನಿನಗೆ ಅದೇ ಜಪ. ಸಾಯುವಾಗ ನಿನ್ನ ತಾಯಿ, ನನ್ನ ಕಾಕೂ, ತನ್ನ ಪುತಳಿ ಸರ, ಪಾಟಲಿ ಬಿಚ್ಚಿ ಕಾಕಾನ ಕೈಗಿಟ್ಟು, "ಇದು ಪದ್ದಿ ಓದಿಗಿ. ಮದುವಿಗಲ್ಲ," ಅಂದಿದ್ದಳು. ಆ ಬಂಗಾರ ಒಂದೂವರೆ ವರ್ಷಕ್ಕೆ ಸಾಲುತ್ತಿತ್ತು. ಓದು ಮೂರು ವರ್ಷದ್ದು. "ಅರ್ಧಕ್ಕ ಕರಕೊಂಡು ಬಂದ್ರ ಹುಡುಗಿ ಮನಸು ಮುರೀತದ ಗುರ್ಯಾ. ಕಳಿಸಿದ್ರ ಪೂರ್ತಿ ಕಳಿಸಬೇಕು," ಎಂದು ಕಾಕಾ ಕೂತಲ್ಲಿ ನಿಂತಲ್ಲಿ ಅನ್ನುತ್ತಿದ್ದರು.

ಇಂಥ ಮನುಷ್ಯನ ಮುಂದೆ ನಾನು ಜಹಗೀರುದಾರನ ಸೋಗು ಹಾಕಿದ್ದೆ.

ಮುಂದಿನದು ಬೇಗ ಆಯಿತು. ರೈಲ್ವೆಯ ಒಬ್ಬ ಇಂಜಿನಿಯರ್ ಸಾಹೇಬ ಮನೆ ಖಾಲಿ ಮಾಡುತ್ತಿದ್ದ. ಅವನ ಹತ್ತಿರ ಒಂದು ಜೋಡುನಳಿಗೆ ಇದೆಯೆಂದು ನಾನೇ ಪತ್ತೆ ಹಚ್ಚಿದೆ. ಹೊಲಕ್ಕೆ ಹಂದಿ ಬೀಳುತ್ತವೆಂದು ಅರ್ಜಿ ಬರೆದು ಪರವಾನಗಿಗೆ ಕಾಕಾನನ್ನು ಕಚೇರಿಗೆ ಅಲೆಸಿದವನೂ ನಾನೇ. ದೀಪಕ್ಕೆ ಹುಳ ಬಿದ್ದರೆ ಆಚಮನ ಮಾಡುವ ಬ್ರಾಹ್ಮಣ ರೈಫಲ್ಲಿಗೆ ಪರವಾನಗಿ ಕೇಳುವುದನ್ನು ನೋಡಿ ಗುಮಾಸ್ತನೂ ಮೊದಲ ಸಲ ತಲೆಯೆತ್ತಿ ನೋಡಿದ. ಅದನ್ನೂ ಆಡಿ ತೋರಿಸಿದ್ದೆ, ನೆನಪಿದೆಯಲ್ಲ?

ಇನ್ನು ಆ ದಿನ.

ಇದ್ದಿಲ ಹೊಗೆಯ ಬಸ್ಸಿನಲ್ಲಿ ನೀನೂ ಬಂದಿದ್ದೆ, ರೈಲು ನೋಡಬೇಕೆಂದು. ಸಾಹೇಬನ ಬಂಗಲೆಯ ಪಡಸಾಲೆಯಲ್ಲಿ ಕಾಕಾ ಬೆತ್ತದ ಕುರ್ಚಿಯ ತುದಿಗೆ ಮೈಲಿಗೆಯಾದೀತೆಂದು ಅರ್ಧ ಕೂತಿದ್ದರು, ಅರ್ಧ ನಿಂತಿದ್ದರು. ನೀನು ಕಂಬದ ಹಿಂದೆ. ಚಹಾ ಬಂತು, ಯಾರೂ ಮುಟ್ಟಲಿಲ್ಲ. ಸಾಹೇಬನ ಜವಾನರು ಇಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಅಣಕದ ಸುದ್ದಿ ಸ್ಟೇಷನ್ನಿನವರ ಬಾಯಿಂದ ಅವರಿಗೂ ಮುಟ್ಟಿತ್ತು. ನನಗೆ ಅದು ಬಂಗಲೆ ಅನ್ನಿಸಲಿಲ್ಲ, ಕಟ್ಟೆ ಅನ್ನಿಸಿತು. ಮಂದಿ ಸೇರಿದ್ದಾರೆ, ಶುರು ಮಾಡು ಗುರ್ಯಾ —

ಸಾಹೇಬನಿಗೆ ಹಿಂದೂಸ್ತಾನಿ ಬರುತ್ತಿದ್ದದ್ದು ಹತ್ತು ಮಾತು, ಅವೂ ಆಳುಗಳನ್ನು ಕರೆಯುವ ಮಾತು. ಅವನು ಪೆಟ್ಟಿಗೆ ತೆಗೆದು ರೈಫಲ್ಲನ್ನು ಮೇಜಿನ ಮೇಲಿಟ್ಟ. ನಿಜ ಹೇಳಬೇಕೆಂದರೆ ಚೆಂದವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ, ನನಗೆ ಒಂದು ಶಬ್ದವೂ ತಪ್ಪದ ಹಾಗೆ ಇಂಗ್ಲಿಷಿನಲ್ಲಿ ಹೇಳಿದ:

ಈ ಎರಡು ನಳಿಗೆಗಳನ್ನು ಬೆಸುಗೆ ಹಾಕಿ ಕೂಡಿಸುವುದೇ ಇದರ ಕೆಲಸವೆಲ್ಲ. ಅರವತ್ತು ಹೆಜ್ಜೆಯ ಆಚೆ ಎರಡರ ಗುಂಡೂ ಒಂದೇ ಕಡೆ ಬೀಳಬೇಕು. ಇದು ಒಮ್ಮೆ ಬಿದ್ದು ಬೆಸುಗೆ ಬಿಟ್ಟಿತ್ತು. ಇಲ್ಲಿಯ ವರ್ಕ್‌ಶಾಪಿನಲ್ಲಿ ಮತ್ತೆ ಕಾಯಿಸಿ ಹಾಕಿಸಿದೆ. ಅಂದಿನಿಂದ ಎರಡಕ್ಕೂ ಹೊಂದಾಣಿಕೆ ಇಲ್ಲ. ಹಂದಿ ಹೆದರಿಸಲು ಬೇಕಿದ್ದರೆ ಒಯ್ಯಲಿ. ಬೆಲೆ ಏರುತ್ತದೆಂದು ಕೊಳ್ಳುವುದಾದರೆ ಬೇಡ ಎಂದು ಹೇಳು. ತಿಳಿದವನು ಯಾವನೂ ಇದಕ್ಕೆ ದುಡ್ಡು ಕೊಡುವುದಿಲ್ಲ.

ಕಾಕಾ ನನ್ನ ಮುಖ ನೋಡಿದರು. "ಏನಂತಾನಪ್ಪ?"

ಆ ಗಳಿಗೆಯನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ನನಗೆ ದಲ್ಲಾಳಿ ದುಡ್ಡಿನ ಆಸೆ ಇತ್ತೇ? ಇಲ್ಲ. ಒಂದು ಕಾಸು ಮುಟ್ಟಿಲ್ಲ. ಮುಟ್ಟಿದ್ದರೆ ಕಳ್ಳ ಅನ್ನಿಸಿಕೊಂಡು ಹಗುರಾಗುತ್ತಿದ್ದೆ. ನನಗಿದ್ದದ್ದು ಅದಕ್ಕಿಂತ ಕೀಳು. 'ಬೇಡ ಅಂತಾನೆ ಕಾಕಾ' ಎಂದರೆ ಇಷ್ಟು ದಿನ ನಾನು ಆಡಿದ್ದೆಲ್ಲ ಹುಸಿ ಎಂದಾಗುತ್ತಿತ್ತು. ಕಚೇರಿಗೆ ಅಲೆಸಿದ್ದು, ಬಂಗಾರ ಮಾರಿಸಿದ್ದು — ಅಷ್ಟರಲ್ಲಿ ಅದನ್ನು ಮಾರಿ ನಿಜಾಮನ ಹಾಲಿ ರೂಪಾಯಿ ಚೀಲದಲ್ಲಿ ತಂದಾಗಿತ್ತು — ಎಲ್ಲ ಗುರ್ಯಾನ ಬಾಯಿಬಡುಕತನ ಎಂದಾಗುತ್ತಿತ್ತು. ಬಾಗಿಲಲ್ಲಿ ಜವಾನರು ಕಾಯುತ್ತಿದ್ದರು. ಕಂಬದ ಹಿಂದೆ ನೀನು ಕಾಯುತ್ತಿದ್ದೆ. ಒಮ್ಮೆಯಾದರೂ ಸಪ್ಪೆಯಾಗಿ ನಿಜ ಹೇಳುವುದು ನನಗೆ ಆಗಲಿಲ್ಲ.

ಎದೆ ಸೆಟೆದು, ಕೆಳತುಟಿ ಮುಂದೆ ತಂದು, ಸಾಹೇಬನ ಹಾಗೆ ಗದ್ದ ಕುಣಿಸಿ ಹೇಳಿದೆ: "ಆಚಾರೀ! ಟುಮ್ ಬಹುಟ್ ಲಕ್ಕೀ ಆದ್ಮೀ! ಇಂಥಾ ಮಾಲು ನಮ್ಮ ರಾಜನ ಹತ್ರನೂ ಇಲ್ಲ. ಎರಡು ವರ್ಷ ಇಟಗೋ, ಇಮ್ಮಡಿ ಮಾಡು. ಆಮ್ಯಾಲ ನಾ ಬಂದು ಕೇಳಿದ್ರೂ ನನಗ ಕೊಡಬ್ಯಾಡ!"

ಜವಾನರು ಗೊಳ್ಳೆಂದರು. ಕಾಕಾ ಉತ್ತರೀಯದಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಸಾಹೇಬ ಹುಬ್ಬು ಗಂಟು ಹಾಕಿ, ಇವರು ಯಾಕೆ ನಗುತ್ತಾರೆ ಎಂದು ಕೇಳಿದ. ಸಂತೋಷವಾಗಿದೆ ಸರ್, ಅಂದೆ. ಅವನಿಗೆ ಅದು ಸರಿಕಾಣಲಿಲ್ಲ. ಮತ್ತೊಮ್ಮೆ ಹೇಳು, ಈ ಮುದುಕನಿಗೆ ತಿಳಿದಿಲ್ಲ, ಅಂದ. ಮತ್ತೊಮ್ಮೆ! ದೇವರು ಒಂದೇ ದಿನ ಎರಡು ಸಲ ಬಾಗಿಲು ತೆರೆದ. ಎರಡನೇ ಸಲ ಇನ್ನೂ ಚೆನ್ನಾಗಿ ಮಾಡಿದೆ. ಕೈಯನ್ನೂ ಆಡಿಸಿದೆ. ಆಮೇಲೆ ಇಂಗ್ಲಿಷಿನಲ್ಲಿ, ಅವರಿಗೆ ಎಲ್ಲ ತಿಳಿದಿದೆ ಸರ್, ಆದರೂ ಬೇಕಂತೆ, ಅಂದೆ. ಸಾಹೇಬ ಕಾಕಾನನ್ನು ನೋಡಿ ತಲೆಯಾಡಿಸಿದ, ಹಟಮಾರಿ ಮುದುಕನನ್ನು ನೋಡಿ ತಲೆಯಾಡಿಸುವ ಹಾಗೆ. ಬೆಲೆಯನ್ನು ತಾನಾಗಿಯೇ ಸ್ವಲ್ಪ ಇಳಿಸಿದ. ಆದರೂ ಚೀಲ ಪೂರ್ತಿ ಬೇಕಾಯಿತು, ಕಾಕಾ ಅದನ್ನು ಮೇಜಿನ ಮೇಲಿಟ್ಟರು.

ಅಷ್ಟರಲ್ಲಿ ಅವನ ಕಣ್ಣು ಕಂಬದ ಹಿಂದೆ ಬಿತ್ತು. ನನ್ನನ್ನು ಏನೋ ಕೇಳಿದ, ನಾನು ಉತ್ತರ ಕೊಟ್ಟೆ. ಅವನು ನಿನ್ನನ್ನೇ ನೋಡುತ್ತ ಇನ್ನೊಂದು ಮಾತು ಹೇಳಿದ. ನೀನು ಕೇಳಿದೆ, "ಗುರಣ್ಣಾ, ನನಗೇನಂದ?" ನಾನು, "ನಿನ್ನ ಜಡಿ ಭಾಳ ಉದ್ದ ಅದ ಅಂತಾನ," ಅಂದೆ. ನೀನು ನಾಚಿ ಸೆರಗಿನಿಂದ ಜಡೆ ಮುಚ್ಚಿಕೊಂಡೆ.

ಆ ಮಾತಿಗೆ ಆಮೇಲೆ ಬರುತ್ತೇನೆ.

ಪೆಟ್ಟಿಗೆ ತೊಗಲಿನದು, ದೇವರಮನೆಯ ಪಕ್ಕದ ಕೋಣೆಗೆ ತೊಗಲು ಹೇಗೆ ಹೋಗಬೇಕು? ಕಾಕಾ ಅದನ್ನೂ ಹೆಗಲ ಪಟ್ಟಿಯನ್ನೂ ಅಲ್ಲೇ ಬಿಟ್ಟರು. ಮಡಿಯ ಹಳೇ ಪಂಚೆಯಲ್ಲಿ ರೈಫಲ್ಲನ್ನು ಸುತ್ತಿಕೊಂಡರು. ಪೆಟ್ಟಿಗೆಗಾದರೂ ಮುಂದೆ ನಾಲ್ಕು ಕಾಸು ಬರುತ್ತಿತ್ತು ಎಂದು ಸಾಹೇಬ ಗೊಣಗಿದ. ನಾನು, "ಇಂಥಾ ಮಡಿವಂತನ್ನ ನಾ ನೋಡಿಲ್ಲ ಅಂತಾನ," ಅಂದೆ. ಹೊರಡುವಾಗ ಒಂದು ಎಣ್ಣೆಯ ಶೀಸೆ ಕೊಟ್ಟು, ಇದಕ್ಕೆ ನೀರು ಸೋಕಿಸಬೇಡಿ ಎಂದು ಕೈಸನ್ನೆ ಮಾಡಿ ಹೇಳಿದ. ಅದೊಂದು ಮಾತನ್ನು ಮಾತ್ರ ನೆಟ್ಟಗೆ ದಾಟಿಸಿದೆ. ಆದರೆ ಅಷ್ಟೊತ್ತಿಗೆ ನನ್ನ ಬಾಯಿಂದ ಬಂದದ್ದೆಲ್ಲ ನಿಮಗೆ ನಗೆಯಾಗಿಬಿಟ್ಟಿತ್ತು. ಮಹಾನವಮಿಗೆ ಖಂಡೇಪೂಜೆಯಲ್ಲಿ ಕಾಕಾ ಈಳಿಗೆ, ಕುಡಗೋಲುಗಳ ನಡುವೆ ರೈಫಲ್ಲಿಟ್ಟು, ಹಾಲು, ಮೊಸರು, ಜೇನುತುಪ್ಪ ಎಲ್ಲ ಎರೆದು ಪಂಚಾಮೃತದ ಅಭಿಷೇಕ ಮಾಡಿದರು. "ಸಾಹೇಬ ನೀರು ಬ್ಯಾಡ ಅಂದಿದ್ದ ಕಾಕಾ," ಅಂದೆ. "ಇದು ನೀರಲ್ಲಲೇ," ಎಂದು ಕಾಕಾ ಮೊಸರಿನ ಬಟ್ಟಲು ಬೋರಲು ಹಾಕಿದರು. ನಾನು ಸಾಹೇಬ ಎದೆ ಬಡಿದುಕೊಂಡು ಅಳುವುದನ್ನು ಮಾಡಿದೆ. ಎಲ್ಲರೂ ನಕ್ಕರು.

ಎರಡು ವರ್ಷ ನೀನು ಕಾದೆ. ಹದಿನಾಲ್ಕು ಹದಿನಾರಾಯಿತು. ಶಾಲೆಗೆ ಇನ್ನು ತಡವಾಯಿತೇನೋ ಎಂದು ಒಮ್ಮೆ ಕೇಳಿದ್ದೆಯಲ್ಲ — ನಾನು ಗುಲಬರ್ಗಾದ ಟೀಚರಮ್ಮನ ಸೋಗು ಹಾಕಿ, "ಲೇಟಾಗಿ ಬಂದವರಿಗಿ ಬೆಂಚಿನ ಮ್ಯಾಲ ನಿಲ್ಲಸ್ತೀವಿ," ಅಂದಿದ್ದೆ.

ಕೊಳ್ಳುವವರು ಮಾನ್ವಿಯಲ್ಲಿ ಸಿಕ್ಕರು. ಬಸಣ್ಣ ಸಾಹುಕಾರರು, ಅಕ್ಕಿ ಗಿರಣಿಯವರು, ಹಂದಿ ಬೇಟೆಯ ಹುಚ್ಚಿನವರು. ಗಿರಣಿಯ ಹಿಂದೆ, ಹಿರೇಕೊಟ್ನೆಕಲ್ಲಿಗೆ ಹೋಗುವ ದಾರಿಯ ಬದಿಯ ಬಯಲಿನಲ್ಲಿ ಅಕ್ಕಿ ಕೇರುವ ಒಂದು ಮೊರ ನಿಲ್ಲಿಸಿ ನಡುವೆ ಸುಣ್ಣದ ಬೊಟ್ಟು ಇಟ್ಟರು. ನೋಡಿ ಹೇಳಲು ಹುಸೇನಪ್ಪ ಎಂಬ ಮುದುಕ ಬೇಟೆಗಾರ ಬಂದಿದ್ದ. ಕಾಕಾ ಬೇವಿನ ಬುಡದಲ್ಲಿ ಕಿವಿ ಮುಚ್ಚಿಕೊಂಡು, ಹರಿ ಹರಿ ಅನ್ನುತ್ತ ಕೂತರು.

ಹುಸೇನಪ್ಪ ನಳಿಗೆಯೊಳಗೆ ಕಣ್ಣಿಟ್ಟು ನೋಡಿ, ಮೂಸಿ, "ಇದಕ್ಕ ಮಜ್ಜಿಗಿ ಕುಡಿಸಿರೇನ್ರೀ ಯಪ್ಪಾ?" ಅಂದ.

ಅರವತ್ತು ಹೆಜ್ಜೆ ಎಣಿಸಿ ನಿಂತು ಬಲಗಡೆಯದನ್ನು ಹೊಡೆದ. ಮೊರದಲ್ಲಿ ಬೊಟ್ಟಿನ ಪಕ್ಕಕ್ಕೇ ತೂತು. ಕಾಕಾನ ಮುಖ ಅರಳಿತು. ಎಡಗಡೆಯದನ್ನು ಹೊಡೆದ. ಮೊರ ಅಲ್ಲಾಡಲಿಲ್ಲ. ಅದರಿಂದ ಮೂರು ಮಾರು ಆಚೆ ಮಣ್ಣು ಹಾರಿತು. ಮತ್ತೆ ಹೊಡೆದ, ಮತ್ತೆ ಅಲ್ಲೇ.

"ಸಾಹುಕಾರ್ರೀ, ಒಂದು ನಳಿಗಿ ಮಾನ್ವಿಗಿ ಹೊಂಟದ, ಇನ್ನೊಂದು ದೇವದುರ್ಗಕ್ಕ ಹೊಂಟದ. ಬೆಸಿಗಿ ಬಿಟ್ಟು ಯಾರೋ ಕಾಸಿ ಹಾಕ್ಯಾರ. ಇದು ಗ್ವಾಡಿಗಿ ತೂಗಹಾಕಾಕ ಛಲೋ."

ಬಸಣ್ಣ ಸಾಹುಕಾರರು ಒಳ್ಳೆಯವರು, ನಗಲಿಲ್ಲ. "ಆಚಾರ್ರೀ, ನಿಮಗಿದನ್ನ ಕೊಟ್ಟಾಂವ ಯಾರ್ರೀ?"

"ರೈಲ್ವೆ ಸಾಹೇಬ್ರಿ. ನನ್ನ ಎದುರಿಗಿ ಕುಂತು ಹೇಳಿದ. ಇಮ್ಮಡಿ ಆಕ್ಕದ ಅಂದ. ಎರಡೆರಡು ಸಲ ಹೇಳಿದ." ಕಾಕಾನ ಧ್ವನಿ ಸಣ್ಣದಾಯಿತು. ನನ್ನ ಕಡೆ ತಿರುಗಿದರು. "ಹೌದಲ್ಲೋ ಗುರ್ಯಾ? ನೀ ಇದ್ದೆಲ್ಲ?"

ಮೂರನೇ ಸಲ ಬಾಗಿಲು ತೆರೆದಿತ್ತು.

"ಹೌದು ಕಾಕಾ," ಅಂದೆ. "ಸಾಹೇಬ ಹಂಗೇ ಅಂದ."

ಅಷ್ಟಕ್ಕೆ ನಿಲ್ಲಿಸಿದ್ದರೆ! ನಿಲ್ಲಿಸಲಿಲ್ಲ. ಕಾಕಾನ ಕಣ್ಣಲ್ಲಿ ನೀರು ಕಂಡು ನನಗೆ ದಿಗಿಲಾಯಿತು. ದಿಗಿಲಾದಾಗ ನನಗೆ ಗೊತ್ತಿರುವುದು ಒಂದೇ. ಅಲ್ಲೇ ಬಯಲಿನಲ್ಲಿ ನಿಂತು ಸಾಹೇಬನನ್ನು ಮಾಡಿ ತೋರಿಸಿದೆ. ಈ ಸಲ ಕಳ್ಳ ಸಾಹೇಬ, ಓರೆಗಣ್ಣು, ಜೇಬಿಗೆ ಕೈ, "ಆಚಾರೀ, ಟುಮ್ ಬಹುಟ್ ಲಕ್ಕೀ." ಗಿರಣಿಯ ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾನೂ ನಕ್ಕರು, ಕಣ್ಣು ಒರೆಸಿಕೊಳ್ಳುತ್ತ.

ಸಾಹುಕಾರರು ಗೋಡೆಗೆ ತೂಗುಹಾಕಲು ಬರಲಿ ಎಂದು ಏನೋ ಕೊಡಲು ಬಂದರು. ಕಾಕಾ ಒಲ್ಲೆ ಅಂದರು. "ಕೆಟ್ಟದ್ದು ಅಂತ ಗೊತ್ತಿದ್ದೂ ಇನ್ನೊಬ್ಬರ ಕೈಗಿ ಕೊಟ್ರ ಆ ಸಾಹೇಬಗೂ ನನಗೂ ಏನು ಫರಕ ಉಳೀತು?" ಪಂಚೆ ಸುತ್ತಿ ಹೊತ್ತುಕೊಂಡು ಬಸ್ಸಿನ ಕಡೆ ನಡೆದರು. ನಾನು ಹಿಂದೆ ನಡೆದೆ. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ.

ಆ ವರ್ಷವೇ ನಿನ್ನ ಮದುವೆ. ಅದೇ ಮಾನ್ವಿಯಲ್ಲಿ, ಗುಡಿಯ ಪೂಜೆಯ ಮನೆತನ, ಎರಡನೇ ಸಂಬಂಧ, ಮೊದಲಿನಾಕೆಯ ಎರಡು ಮಕ್ಕಳು. ಅವರು ಕೆಟ್ಟವರಲ್ಲ ಎಂದು ನೀನೇ ಹೇಳಿದ್ದೀಯ. ಆ ಹುಡುಗರಿಗೆ ಪಾಟಿ ಬಳಪ ಹಿಡಿಸಿ ಅಕ್ಷರ ತಿದ್ದಿಸುತ್ತೀಯಂತೆ. ಯಾರೋ ಅದನ್ನು ನನಗೆ ಸಂತೋಷದ ಸುದ್ದಿಯಾಗಿ ಹೇಳಿದರು.

ಆಮೇಲೆ ಗಲಾಟೆಯ ದಿನಗಳು ಬಂದವು. ಮಿಲಿಟರಿ ಬಂತು, ನಿಜಾಮನ ರಾಜ್ಯ ಹೋಯಿತು. ಮನೆಯಲ್ಲಿದ್ದ ಬಂದೂಕುಗಳನ್ನೆಲ್ಲ ತಂದೊಪ್ಪಿಸಬೇಕೆಂದು ದೇವದುರ್ಗದಲ್ಲಿ ಡಂಗುರ ಸಾರಿದರು. ಕಾಕಾ ರೈಫಲ್ಲನ್ನು ಒರೆಸಿ, ಅಂಟಿದ್ದ ಕುಂಕುಮ ತೆಗೆದು, ಕಚೇರಿಗೆ ಒಯ್ದು ಒಪ್ಪಿಸಿ ಬಂದರು. ಕೊಟ್ಟ ರಸೀದಿಯನ್ನು ಸಾಲಿಗ್ರಾಮದ ಸಂಪುಟದ ಕೆಳಗೆ ಇಟ್ಟರು. "ಹೋತು ಬಿಡು," ಅಂದರು. ಆಮೇಲೆ, "ಸಾಹೇಬನ್ನ ಮಾಡಿ ತೋರಿಸೋ ಗುರ್ಯಾ," ಅಂದರು. ನಾನು ಮಾಡಿ ತೋರಿಸಿದೆ. ಕಾಕಾನಿಗೆ ಅದೊಂದು ಚಟವಾಗಿತ್ತು. ಮನಸ್ಸಿಗೆ ಬೇಸರವಾದಾಗೆಲ್ಲ ಆ ಕಳ್ಳ ಸಾಹೇಬನನ್ನು ಕರೆಸಿ ಬೈಯುವರು, ನಗುವರು, ಹಗುರಾಗುವರು. ಹಾಸಿಗೆ ಹಿಡಿದಾಗಲೂ ಕೇಳಿದರು. ಅವರ ಕಾಲ ಬುಡದಲ್ಲಿ ನಿಂತು — ಹೌದು, ಆಗಲೂ ಮಾಡಿದೆ. ಆಗ ಹೇಳಿಬಿಡಬಹುದಿತ್ತು. ಅವರ ಉಸಿರು ಏರುತ್ತಿತ್ತು, ಈಗ ಯಾಕೆ ನೋಯಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಅಣಕವೇ. ದಯಾವಂತನ ಸೋಗು.

ಹದಿಮೂರನೇ ದಿನದ ಊಟಕ್ಕೆ ನೀನು ಮಾನ್ವಿಯಿಂದ ಬಂದಿದ್ದೆ. ಊಟವಾದ ಮೇಲೆ ಯಾರೋ, "ಗುರ್ಯಾ, ನಿಮ್ಮ ಕಾಕಾಗ ಪ್ರೀತಿ ಇದ್ದ ಸಾಹೇಬನ್ನ ಒಂದು ಸಲ ತೋರಸಪಾ," ಅಂದರು. ನಾನು ಎದ್ದು ನಿಂತು ಗದ್ದ ಕುಣಿಸಿದೆ. ಎಲೆ ಎತ್ತುತ್ತಿದ್ದ ನೀನು ಬಾಗಿಲಲ್ಲಿ ನಿಂತೆ.

"ಗುರಣ್ಣಾ, ಹಂಗಲ್ಲ. ಅವತ್ತು ಆಂವ ಇಂಗ್ಲಿಷಿನ್ಯಾಗ ಅಂದಿದ್ದನ್ನ ಅಂದಂಗೇ ಅಂದು ತೋರಸು."

ಯಾರ ಧ್ವನಿಯನ್ನೂ ಒಮ್ಮೆ ಕೇಳಿದರೆ ಮರೆಯದವನು ನಾನು. ಆ ಸಾಹೇಬನ ಒಂದೊಂದು ಶಬ್ದ, ಶಬ್ದದ ನಡುವಿನ ಕೆಮ್ಮು, ಎಲ್ಲ ನನ್ನ ಗಂಟಲಲ್ಲಿತ್ತು. ನಾನು ಬಾಯಿಗೆ ಬಂದ ಹಾಗೆ ಟುಸ್ ಪುಸ್ ಎಂದು ಏನೋ ಉದುರಿಸಿದೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ.

"ನನಗ ಆವಾಗ ಇಂಗ್ಲಿಷಿನ್ಯಾಗ ಒಂದೇ ಶಬ್ದ ಬರತಿತ್ತು," ನೀನು ಅಂದೆ. "ಸ್ಕೂಲ್. ನನ್ನ ನೋಡಕೋತ ಆಂವ ಆ ಶಬ್ದ ಅಂದ. ನಾ ಕೇಳೀನಿ. ನೀ ಜಡಿ ಅಂದಿ. ಸ್ಕೂಲ್ ಎಲ್ಲಿ ಹೋತು ಗುರಣ್ಣಾ?"

ನಾಲ್ಕು ವರ್ಷ ನೀನು ಆ ಒಂದು ಶಬ್ದವನ್ನು ಇಟ್ಟುಕೊಂಡಿದ್ದೆ. ನಾನು, "ಸಾಹೇಬ ತಾ ಸ್ಕೂಲಿಗಿ ಹೋಗಿಲ್ಲಂತ, ಅದಕ್ಕ ಹೀಂಗಾಗ್ಯಾನ," ಅಂದೆ. ಮತ್ತೆ ನಗು. ನೀನು ಎಲೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ.

ಅಂದಿನಿಂದ ನಾನು ಯಾರನ್ನೂ ಮಾಡಿ ತೋರಿಸಿಲ್ಲ. ಇದನ್ನು ವ್ರತ ಎಂದು ಹೇಳಿಕೊಳ್ಳಲಾರೆ. ಬಾಯಿ ತೆರೆದರೆ ಆ ಸಾಹೇಬನೇ ಬರುತ್ತಾನೆ, ಅಷ್ಟೇ. ಪಾರ್ಸೆಲ್ ಆಫೀಸಿನವರು ಗುರ್ಯಾನಿಗೆ ಏನಾಗಿದೆ ಎನ್ನುತ್ತಾರೆ. ಆ ಸಾಹೇಬ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ದೇವದುರ್ಗದ ಹನುಮಂತದೇವರ ಗುಡಿಯ ಸುತ್ತ ಅವನ ಹೆಸರು ಈಗಲೂ ಮೋಸಗಾರರಿಗೆ ಇಟ್ಟ ಅಡ್ಡಹೆಸರು. ಅವನಿಗೆ ತಿಳಿಸಲು ನನ್ನ ಹತ್ತಿರ ವಿಳಾಸವಿಲ್ಲ. ಕಾಕಾನಿಗೆ ತಿಳಿಸಲು ಕಾಕಾ ಇಲ್ಲ.

ನೀನಿದ್ದೀಯ. ಇದನ್ನು ನೀನು ಓದುವಷ್ಟರಲ್ಲಿ ನಾನೂ ಮಾನ್ವಿಗೆ ಬರುತ್ತೇನೆ. ಹೊಸ್ತಿಲ ಹೊರಗೆ ನಿಂತು, ಗದ್ದ ಕುಣಿಸದೆ, ನನ್ನದೇ ಧ್ವನಿಯಲ್ಲಿ ಹೇಳುತ್ತೇನೆ. ನನ್ನ ಧ್ವನಿ ಹೇಗಿದೆ ಎಂದು ನನಗೂ ಸರಿಯಾಗಿ ತಿಳಿಯದು. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ಅದೂ ಒಂದು ಸೋಗಾದೀತು. ಒಳಗೆ ಕರೆಯದಿದ್ದರೆ ಬಂದ ಬಸ್ಸಿಗೇ ಹಿಂತಿರುಗುತ್ತೇನೆ. ಆದರೆ ನ್ಯಾಯವಾಗಿ ನಿನ್ನದಾದ ಒಂದು ಮಾತು ನಾಲ್ಕು ವರ್ಷದಿಂದ ನನ್ನ ಬಾಯಲ್ಲಿದೆ. ಅದನ್ನು ಇಲ್ಲೇ, ಈಗಲೇ ಕೊಟ್ಟುಬಿಡುತ್ತೇನೆ. ಎದುರಿಗೆ ನಿಂತಾಗ ಮತ್ತೆ ನುಂಗಿಕೊಂಡರೆ?

ಆ ದಿನ ಸಾಹೇಬ ನಿನ್ನನ್ನು ನೋಡಿ ಮೊದಲು ನನ್ನನ್ನು ಕೇಳಿದ್ದು, ಈ ಹುಡುಗಿ ಯಾರು, ಬೇಡ ಅಂದರೂ ಮುದುಕ ಇಷ್ಟು ಹಣ ಸುರಿಯುವುದು ಯಾತಕ್ಕೆ, ಎಂದು. ನಾನು ನಿಜ ಹೇಳಿದೆ: ಇವಳ ಓದಿಗೆ. ಇರುವುದು ಒಂದೂವರೆ ವರ್ಷಕ್ಕೆ ಮಾತ್ರ ಸಾಲುತ್ತದೆ, ಎರಡು ವರ್ಷ ಇದನ್ನಿಟ್ಟು ಮಾರಿ ಇಮ್ಮಡಿ ಮಾಡಬೇಕಂತೆ ಎಂದೂ ಹೇಳಿದೆ. ಅವನು ಮೇಜಿನ ಮೇಲಿದ್ದ ನಿಮ್ಮಪ್ಪನ ಚೀಲವನ್ನು ನಮ್ಮ ಕಡೆಗೇ ಹಿಂದಕ್ಕೆ ಸರಿಸಿದ. ಸರಿಸಿ, ನಿನ್ನನ್ನೇ ನೋಡುತ್ತ ಹೇಳಿದ:

"ಹಾಗಾದರೆ ಇರುವ ಹಣದಲ್ಲೇ ಇವಳನ್ನು ನಾಳೆಯೇ ಸ್ಕೂಲಿಗೆ ಕಳಿಸಲಿ. ಉಳಿದದ್ದನ್ನು ಆಮೇಲೆ ನೋಡಿಕೊಳ್ಳಲಿ. ಇವಳನ್ನು ಎರಡು ವರ್ಷ ಕಾಯಿಸಬೇಡ ಎಂದು ಅವಳ ತಂದೆಗೆ ಹೇಳು."

ಚೀಲವನ್ನು ಮತ್ತೆ ಅವನ ಕಡೆ ಸರಿಸಿದವನು ನಾನು.

ನಿನ್ನ ಜಡೆಯ ಮಾತು ಅವನು ಎತ್ತಲೇ ಇಲ್ಲ, ಪದ್ದಿ.